ಉಳಿದ ನಂಬರು ನಮ್ಮದು

ಸುಕ್ಕು ಕಂಡರೆ ಇಸ್ತ್ರಿಯವನ ಕೈ ಸುಮ್ಮನಿರುತ್ತಿರಲಿಲ್ಲ. ಬೀದಿಯವರ ಬಟ್ಟೆ ಸರಿ, ಅದು ಹೊಟ್ಟೆಪಾಡು. ಆದರೆ ಮಗಳ ಶೂ ಲೇಸಿಗೂ ಇಸ್ತ್ರಿ, ಓದಿ ಮುಗಿಸಿದ ಪತ್ರಿಕೆಗೂ ಇಸ್ತ್ರಿ. ಒಮ್ಮೆ ಪಕ್ಕದ ಮನೆಯ ಮಗು ಮುದುಡಿದ ಕಾಗದದ ದೋಣಿ ಹಿಡಿದು ಅಳುತ್ತ ಬಂದಾಗ ಅದಕ್ಕೂ ಇಸ್ತ್ರಿ ಹಾಕಿಕೊಟ್ಟಿದ್ದ. ದೋಣಿ ಹೋಗಿ ಹಾಳೆಯಾಯಿತು. ಮಗು ಇನ್ನೂ ಜೋರಾಗಿ ಅತ್ತಿತು.

"ಬೇರೆ ಗಂಡಸರು ಕೋಪ ಬಂದ್ರೆ ಬೈತಾರೆ, ಪ್ರೀತಿ ಬಂದ್ರೆ ಮುದ್ದು ಮಾಡ್ತಾರೆ. ನಮ್ಮೋರು ಎರಡಕ್ಕೂ ಇಸ್ತ್ರಿ ಹಾಕ್ತಾರೆ," ಎಂದು ಹೆಂಡತಿ ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದಳು. ಮುಂದಿನ ಕೋಣೆಯೇ ಅಂಗಡಿ. ಬೀದಿಗೆ ತೆರೆದ ಕಿಟಕಿಯಲ್ಲಿ ಅವಳು ಕೂತು ಬಿದ್ದುಹೋದ ಗುಂಡಿ ಹೊಲಿಯುತ್ತ ಇಬ್ಬರ ಪಾಲಿನ ಮಾತನ್ನೂ ತಾನೇ ಆಡುವಳು. ಅವನು ಒಳಗೆ ಕಂಬಳಿ ಹಾಸಿದ ಮೇಜಿನ ಹಿಂದೆ ನಿಂತು, ದಿನಕ್ಕೆ ಹತ್ತು ಮಾತಾಡಿದರೆ ಆ ದಿನ ಜ್ವರ ಬಂದಿದೆ ಎಂದು ಲೆಕ್ಕ.

ಆ ದಿನ ಮಗಳ ಸಂದರ್ಶನವಿತ್ತು, ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರೊಳಗೆ ಯಾವಾಗ ಬಂದರೂ ಸರಿ. ಮಗಳಿಗೆ ಹನ್ನೊಂದು ವರ್ಷ. ಯಾವುದಕ್ಕೂ "ಯಾಕೆ?" ಎನ್ನುವುದರಿಂದ ಇಡೀ ಬೀದಿಗೆ ಅವಳು ಯಾಕಮ್ಮ. ಬಡವರ ಮನೆಯ ಚುರುಕು ಮಕ್ಕಳನ್ನು ಹುಡುಕಿ, ಶಾಲೆಯಿಂದ ಕಾಲೇಜು ಮುಗಿಯುವವರೆಗೂ ಓದಿಸುವ ಒಂದು ಸಂಸ್ಥೆ ಪರೀಕ್ಷೆ ಇಟ್ಟಿತ್ತು. ಸಾವಿರಾರು ಮಕ್ಕಳು ಬರೆದರು. ಉತ್ತರಗಳನ್ನು ಯಂತ್ರವೇ ನೋಡಿತು. ಅದೇ ಸಂಜೆ ಮೊದಲ ನಲವತ್ತು ಮಕ್ಕಳಿಗೆ ಒಂದೊಂದು ಚೀಟಿಯನ್ನು ಯಂತ್ರವೇ ಉಗುಳಿತು. ಚೀಟಿಯ ಮೇಲೆ ಹೆಸರಿಲ್ಲ, ಬರೀ ನಂಬರು. ಹೆಸರು ಕಂಡರೆ ಯಾರಾದರೂ ವಶೀಲಿ ಮಾಡಿಸಿಯಾರು ಎಂದು ಸಂಸ್ಥೆ ಹೆಸರುಗಳನ್ನೆಲ್ಲ ಲಕೋಟೆಯಲ್ಲಿಟ್ಟು ಅರಗಿನ ಮುದ್ರೆ ಹಾಕಿತ್ತು. ಆಯ್ಕೆ ಮುಗಿದ ಮೇಲೇ ಅದನ್ನು ಒಡೆಯುವುದು. ನಲವತ್ತರಲ್ಲಿ ಇಪ್ಪತ್ತು ಮಕ್ಕಳಿಗೆ ಜಾಗ.

ಎಂಟು ಗಂಟೆಗೆ ಇಸ್ತ್ರಿಯವನು ಮಗಳ ಪೆನ್ಸಿಲ್ ಡಬ್ಬಿ ತೆಗೆದು ನೋಡಿದರೆ ಚೀಟಿ ಹುರಿಗಡಲೆಯಷ್ಟು ದಪ್ಪಕ್ಕೆ ಮಡಚಿಕೊಂಡು ಕೂತಿತ್ತು.

"ಏನೇ ಇದು?"

"ಒಂದು ಕಾಗದ ಎಷ್ಟು ಸಲ ಮಡಚಬಹುದು ಅಂತ ನೋಡ್ತಿದ್ದೆ ಅಪ್ಪ. ಏಳು ಸಲ ಆಗುತ್ತೆ. ಎಂಟನೇದು ಹಲ್ಲಲ್ಲಿ ಕಚ್ಚಿದ್ರೂ ಆಗಲ್ಲ. ಯಾಕೆ?"

ಅವನು ಬಿಡಿಸಿದ. ಬಿಡಿಸಿದಷ್ಟೂ ಸುಕ್ಕು. ಹಿಂಬದಿಯಲ್ಲಿ ಸಂಸ್ಥೆಯ ಕೆಂಪು ಮುದ್ರೆ, ಅದರ ಕೆಳಗೆ ಕೆಂಪಕ್ಷರ: "ಮಡಚಿದ, ಹರಿದ, ಸುಕ್ಕಾದ ಚೀಟಿಗಳನ್ನು ಸ್ವೀಕರಿಸಲಾಗುವುದಿಲ್ಲ." ಅವನು ಅದನ್ನು ಮೂರು ಸಲ ಓದಿದ. ಒಳಗೊಳಗೇ ಸಣ್ಣ ಹಿಗ್ಗೊಂದು ಎದ್ದಿತು ಎಂದರೆ ನಂಬಬೇಕು. ಮಗಳ ಗಣಿತ ಅವನಿಗೆ ತಿಳಿಯದು, ಅವಳ ಪ್ರಶ್ನೆಗಳಲ್ಲಿ ಒಂದಕ್ಕೂ ಅವನ ಬಳಿ ಉತ್ತರವಿರಲಿಲ್ಲ. ಇಷ್ಟು ವರ್ಷಕ್ಕೆ ಅವಳ ಓದಿಗೆ ತಾನು ಮಾಡಬಹುದಾದ ಕೆಲಸವೊಂದು ಒದಗಿತ್ತು.

ಇಸ್ತ್ರಿಪೆಟ್ಟಿಗೆಯ ಬಿಸಿಯನ್ನು ರೇಷ್ಮೆಯ ಗುರುತಿಗೆ ಇಳಿಸಿದ. ಮೇಲೆ ತೆಳು ಬಿಳಿ ಬಟ್ಟೆ ಹಾಸಿದ. ಮದುವೆ ಹುಡುಗಿಯ ಸೆರಗಿಗೂ ಅಷ್ಟು ಮೆತ್ತಗೆ ಕೈಯಾಡಿಸಿರಲಿಲ್ಲ. ಒಂದು ಸಲ ಹೋದ, ಒಂದು ಸಲ ಬಂದ, ಬಟ್ಟೆ ಎತ್ತಿದ.

ಚೀಟಿ ಕಾಗೆಯಾಗಿತ್ತು.

ಕನ್ನಡಿಯಷ್ಟು ನುಣುಪು, ಒಂದು ಸುಕ್ಕಿಲ್ಲ, ಈ ತುದಿಯಿಂದ ಆ ತುದಿಗೆ ಕಡುಗಪ್ಪು. ಅವನು ಅದನ್ನು ತಿರುಗಿಸಿದ. ಹಿಂದೆ ಕೆಂಪು ಮುದ್ರೆ ಹಾಗೇ ನಗುತ್ತಿತ್ತು. ಮತ್ತೆ ತಿರುಗಿಸಿದ. ಕಪ್ಪು. ಮುಂದಿನ ಕೋಣೆಯಲ್ಲಿ ಹೆಂಡತಿ ಯಾರ ಜೊತೆಗೋ ನಗುತ್ತಿದ್ದಳು, ನಲ್ಲಿಯಲ್ಲಿ ನೀರು ತೊಟ್ಟಿಕ್ಕುತ್ತಿತ್ತು, ಲೋಕ ತನ್ನ ಪಾಡಿಗೆ ತಾನಿತ್ತು.

"ರೀ, ಸುಟ್ಟ ವಾಸನೆನಾ ಅದು?" ಎನ್ನುತ್ತ ಬಂದ ಹೆಂಡತಿ ನೋಡಿದಳು. ಬಾಯಿ ತೆರೆದಳು. ಹದಿಮೂರು ವರ್ಷದ ಸಂಸಾರದಲ್ಲಿ ಮೊದಲ ಬಾರಿಗೆ ಆ ಬಾಯಿಂದ ಏನೂ ಬರಲಿಲ್ಲ. ಅವನಿಗೆ ಅದರಿಂದಲೇ ಹೆಚ್ಚು ಭಯವಾಯಿತು.

ಮಗಳು ಮಾತ್ರ ಚೀಟಿ ಕಸಿದುಕೊಂಡು ಕುಣಿದಳು. "ಅಪ್ಪ! ಇದು ಶಾಯಿ ಅಲ್ಲ! ಆ ಯಂತ್ರದಲ್ಲಿ ಶಾಯಿನೇ ಇಲ್ಲ, ಅದು ಬಿಸಿಯಿಂದ ಬರೆಯೋದು! ನೀನು ಇಡೀ ಕಾಗದದ ತುಂಬ ಒಂದೇ ಅಕ್ಷರ ಬರೆದೆ!"

"ನಂಬರು ಎಷ್ಟೇ?" ತಾಯಿಗೆ ದನಿ ಮರಳಿತು. "ನಂಬರು ನೆನಪಿದೆ ತಾನೇ?"

"ಇಲ್ಲ."

"ಲೋಕದ್ದೆಲ್ಲ ನೆನಪಿರುತ್ತೆ, ನಿನ್ನ ನಂಬರು ನೆನಪಿಲ್ವಾ?"

"ಬರೆದಿಟ್ಟಿರೋದನ್ನ ಯಾಕೆ ನೆನಪಿಟ್ಕೋಬೇಕು? ತಲೇಲಿ ಬೇರೆ ಇಡೋಕೆ ಜಾಗ ಬೇಡ್ವಾ? ಏಳು ಇತ್ತು ಅನ್ಸುತ್ತೆ." ಸ್ವಲ್ಪ ಯೋಚಿಸಿ ಸೇರಿಸಿದಳು, "ಇಲ್ಲ, ಏಳು ಮಡಿಕೆ."

ಅಷ್ಟರಲ್ಲಿ ಬೀದಿಯ ತುದಿಯಿಂದ ಟಿಂಗ್ ಟಿಟಿಂಗ್ ಎಂಬ ಹಾಡು ಕೇಳಿಸಿತು. ಹೆಂಡತಿಯ ತಮ್ಮ ಐಸ್‌ಕ್ರೀಮ್ ಗಾಡಿ ಓಡಿಸುವವನು. ಸೊಸೆಯನ್ನು ಸಂದರ್ಶನಕ್ಕೆ ತಾನೇ ಕರೆದೊಯ್ಯುತ್ತೇನೆಂದು ಹಟ ಹಿಡಿದಿದ್ದ. ಬಂದವನು ಚೀಟಿ ನೋಡಿ, ಭಾವನ ಮುಖ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕ. ಅಕ್ಕ ಕೈಗೆ ಸಿಕ್ಕ ಹ್ಯಾಂಗರಿನಿಂದ ಒಂದು ಬಿಟ್ಟ ಮೇಲೆ ಗಂಭೀರನಾದ.

"ಯಾಕೆ ತಲೆ ಕೆಡಿಸ್ಕೊಳ್ತೀರಾ? ಬಿಸಿಯಿಂದ ಕಪ್ಪಾಯ್ತಲ್ವಾ? ತಣ್ಣಗಾದ್ರೆ ಬೆಳ್ಳಗಾಗುತ್ತೆ. ನನ್ನ ಪೆಟ್ಟಿಗೆ ಇರೋದ್ಯಾಕೆ?"

ಮುಳುಗುವವನಿಗೆ ಹುಲ್ಲುಕಡ್ಡಿ. ಚೀಟಿ ಸ್ಟ್ರಾಬೆರಿ ಮತ್ತು ಚಾಕೊಲೇಟಿನ ನಡುವೆ ಮಲಗಿತು. ನಾಲ್ಕು ಜನ ಮುಂದಿನ ಸೀಟಿನಲ್ಲಿ ಒಬ್ಬರ ಮೇಲೊಬ್ಬರು ತುರುಕಿಕೊಂಡು ಹೊರಟರು. ಗಾಡಿ ಶುರುವಾದರೆ ಹಾಡೂ ಶುರು. ನಿಲ್ಲಿಸುವ ಗುಂಡಿ ಕಿತ್ತುಹೋಗಿ ವರ್ಷವಾಗಿತ್ತು. ದಾರಿಯುದ್ದಕ್ಕೂ ಮಕ್ಕಳು ಹಿಂದೆ ಓಡಿಬಂದರು, ಒಬ್ಬ ಅಜ್ಜಿ ಅಡ್ಡಗಟ್ಟಿ ನಿಂತು ವೆನಿಲ್ಲಾ ಇಲ್ಲದೆ ಬಿಡುವುದಿಲ್ಲ ಎಂದಳು. "ಅಜ್ಜಿ, ಇದು ಆಂಬುಲೆನ್ಸ್ ಅಂತ ತಿಳ್ಕೊಳ್ಳಿ!" ಎಂದು ಸೋದರಮಾವ ಕೂಗಿದ. "ಇಷ್ಟು ಚೆನ್ನಾಗಿ ಹಾಡೋ ಆಂಬುಲೆನ್ಸಾ?" ಎಂದಳು ಅಜ್ಜಿ. ಮಗಳು ಬಿದ್ದು ಬಿದ್ದು ನಕ್ಕಳು. ಅವಳ ನಗು ಅಪ್ಪನ ಎದೆಗೆ ಬಡಿಯುತ್ತಿತ್ತು. ಅವಳು ಅವನ ತೊಡೆಯ ಮೇಲೇ ಕೂತಿದ್ದಳು.

ಸಂಸ್ಥೆಯ ಕಟ್ಟಡದ ಮುಂದೆ ಇಳಿದು ಪೆಟ್ಟಿಗೆ ತೆರೆದಾಗ ಚೀಟಿ ಮೊದಲಿನಷ್ಟೇ ಕಪ್ಪಾಗಿತ್ತು. ಸಾಲದ್ದಕ್ಕೆ ಒಂದು ಮೂಲೆ ಸ್ಟ್ರಾಬೆರಿ.

"ಮಾತಾಡೋದು ನಾನು," ಎಂದಳು ಹೆಂಡತಿ. "ಯಾರೂ ಬಾಯಿ ಬಿಡಬೇಡಿ."

ಮೊದಲ ಕೋಣೆಯಲ್ಲಿ ಉದ್ದನೆಯ ಬೆಂಚುಗಳು, ಅವುಗಳ ತುಂಬ ಎಣ್ಣೆ ಹಚ್ಚಿ ತಲೆ ಬಾಚಿಸಿಕೊಂಡ ಮಕ್ಕಳು, ಮಕ್ಕಳಿಗಿಂತ ಹೆದರಿದ ಅಪ್ಪ ಅಮ್ಮಂದಿರು. ಮೇಜಿನ ಹಿಂದೆ ಗುಮಾಸ್ತರು. ಅವರ ಮುಂದೆ ನಲವತ್ತು ನಂಬರುಗಳ ಪಟ್ಟಿ. ಚೀಟಿ ತಂದವರ ನಂಬರಿಗೆ ಗೀಟು ಎಳೆಯುವುದು ಅವರ ಕೆಲಸ. ಅವರು ಕಪ್ಪು ಚೀಟಿಯನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದರು.

"ಏನಮ್ಮ ಇದು?"

"ಮಳೇಲಿ ನೆನೆದುಹೋಯ್ತು ಸಾರ್," ಎಂದಳು ಹೆಂಡತಿ. ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು.

"ಅದಲ್ಲ ಸಾರ್, ನಿಮ್ಮ ಯಂತ್ರದ್ದೇ ತಪ್ಪು," ಸೋದರಮಾವ ತಲೆ ತೂರಿಸಿದ. "ಅವತ್ತೇ ಹೀಗೆ ಬಂತು. ಮಗು, ಪಾಪ, ಹೇಳೋಕೆ ಹೆದರ್ಕೊಂಡಿದೆ."

"ಒಂದು ಚೀಟಿಗೆ ಎಷ್ಟು ಸಾವು ಸ್ವಾಮಿ?" ಎಂದರು ಗುಮಾಸ್ತರು. "ನೀರಲ್ಲಿ ಮುಳುಗಿ ಸತ್ತಿತೋ, ಹುಟ್ಟುತ್ತಲೇ ಸತ್ತಿತೋ? ನಂಬರಿಲ್ಲದೆ ಒಳಗೆ ಬಿಡೋಕಾಗಲ್ಲ. ಮುಂದಿನವರು ಬನ್ನಿ."

ಹೆಂಡತಿ ಮತ್ತೆ ಶುರುಮಾಡಿದಳು, ತಮ್ಮ ಅವಳ ಮಾತಿಗೆ ಮಾತು ಜೋಡಿಸಿದ, ಹಿಂದಿನವರು ತಳ್ಳಿದರು. ಇಸ್ತ್ರಿಯವನು ಮಗಳನ್ನು ನೋಡಿದ. ಅವಳು ಅವನನ್ನೇ ನೋಡುತ್ತಿದ್ದಳು. ದೂರುವ ನೋಟವಲ್ಲ, ಅಪ್ಪ ಈಗ ಏನು ಮಾಡುತ್ತಾನೆ ಎಂಬ ಕುತೂಹಲ, ಅಷ್ಟೆ. ನಾಲಿಗೆ ಅಂಟಿಕೊಂಡಿತ್ತು. ಬಿಡಿಸಿಕೊಂಡ.

"ನಾನು ಇಸ್ತ್ರಿ ಹಾಕಿದೆ."

ಗುಮಾಸ್ತರು ಪಟ್ಟಿಯಿಂದ ತಲೆಯೆತ್ತಿದರು.

"ಏನು?"

"ಚೀಟಿಗೆ. ಇಸ್ತ್ರಿ. ಸುಕ್ಕಿತ್ತು. ಸುಕ್ಕಿದ್ರೆ ತಗೊಳ್ಳಲ್ಲ ಅಂತ ನೀವೇ ಬರೆದಿದ್ರಿ." ಸ್ವಲ್ಪ ತಡೆದು ಸೇರಿಸಿದ, "ರೇಷ್ಮೆ ಬಿಸೀಲೇ ಹಾಕಿದೆ."

ಮೊದಲು ನಕ್ಕದ್ದು ಮೂಲೆಯ ಬೆಂಚಿನ ಒಬ್ಬ ಗಾರೆ ಕೆಲಸದವ. ಆಮೇಲೆ ಅವನ ಮಗ. ಆಮೇಲೆ ಬೆಂಚಿನಿಂದ ಬೆಂಚಿಗೆ ನಗು ಹಬ್ಬಿ, ಬೆಳಿಗ್ಗೆಯಿಂದ ಉಸಿರು ಬಿಗಿಹಿಡಿದು ಕೂತಿದ್ದ ಅಪ್ಪ ಅಮ್ಮಂದಿರೆಲ್ಲ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಗದ್ದಲಕ್ಕೆ ಒಳಕೋಣೆಯ ಬಾಗಿಲು ತೆರೆದು, ಸಂದರ್ಶನದ ಮುಖ್ಯಸ್ಥೆ ಹೊರಗೆ ಬಂದರು. ನಿವೃತ್ತ ಮುಖ್ಯೋಪಾಧ್ಯಾಯಿನಿ. ಹುಬ್ಬೆತ್ತಿದರೆ ಸಾಕು, ಗೋಡೆ ಗಡಿಯಾರವೂ ಕೈಕಟ್ಟಿ ನಿಲ್ಲಬೇಕು, ಅಂಥವರು.

ಗುಮಾಸ್ತರು ವರದಿ ಒಪ್ಪಿಸಿದರು. "ಇದು ನಮ್ಮ ಚೀಟಿ ಅನ್ನೋದಕ್ಕೇ ಖಾತ್ರಿ ಇಲ್ಲ ಮೇಡಂ."

"ಇದೆ," ಎಂದಳು ಯಾಕಮ್ಮ. "ಹಿಂದೆ ನಿಮ್ಮ ಮುದ್ರೆ ಇದೆ. ಮತ್ತೆ ಮಾಮೂಲಿ ಕಾಗದ ಆಗಿದ್ರೆ ಆ ಬಿಸಿಗೆ ಕಪ್ಪಾಗ್ತಾನೇ ಇರ್ಲಿಲ್ಲ. ಕಪ್ಪಾಗಿರೋದಕ್ಕೇ ಇದು ಅಸಲಿ."

ಮೇಡಂ ಹುಬ್ಬು ಒಂದು ಕೂದಲೆಳೆಯಷ್ಟು ಎದ್ದಿತು. "ಅಸಲಿ ಇರಬಹುದು. ನಿನ್ನ ನಂಬರು ಯಾವುದು?"

"ಗೊತ್ತಿಲ್ಲ. ಆದ್ರೆ ಗೊತ್ತಾಗುತ್ತೆ. ನೀವು ಕೊಟ್ಟಿರೋದು ನಲವತ್ತೇ ಚೀಟಿ. ಮೂವತ್ತೊಂಬತ್ತು ಜನ ಬಂದು ಗೀಟು ಬಿದ್ಮೇಲೆ ಉಳಿಯೋ ನಂಬರು ನಂದು. ನಾನು ಕಾಯ್ತೀನಿ."

ಗುಮಾಸ್ತರು ಪಟ್ಟಿ ನೋಡಿದರು, ಮೇಡಂ ಮುಖ ನೋಡಿದರು. ಮೇಡಂ ಆ ಹುಡುಗಿಯನ್ನೂ ಗೋಡೆ ಗಡಿಯಾರವನ್ನೂ ನೋಡಿದರು. ಕೊನೆಗೆ, "ನಾಲ್ಕು ಗಂಟೆಗೆ ನಾನು ಬಾಗಿಲು ಹಾಕ್ತೀನಿ," ಎಂದರು. "ಅಷ್ಟರಲ್ಲಿ ಒಂದೇ ನಂಬರು ಉಳಿದಿದ್ರೆ ಬಾ. ಎರಡು ಉಳಿದಿದ್ರೆ ನಾನೂ ಏನೂ ಮಾಡೋಕಾಗಲ್ಲ, ತಿಳೀತಾ?"

ಅಲ್ಲಿಂದ ಶುರುವಾಯಿತು ನೋಡಿ, ಲೋಕದಲ್ಲಿ ಯಾರೂ ಕಾಣದ ಕಾಯುವಿಕೆ. ಬಾಗಿಲಲ್ಲಿ ಪ್ರತಿಸ್ಪರ್ಧಿ ಕಾಣಿಸಿಕೊಂಡರೆ ಈ ಸಂಸಾರ ನೆಂಟರು ಬಂದ ಹಾಗೆ ಎದ್ದು ನಿಲ್ಲುತ್ತಿತ್ತು. "ಬಾ ಕಂದ, ಬಾ, ತಡ ಯಾಕಾಯ್ತು?" ಎಂದು ಹೆಂಡತಿ ಕೈಹಿಡಿದು ಒಳಗೆ ಕರೆಯುವಳು. ಚೀಟಿ ಹುಡುಕಲು ತಡಕಾಡಿದವರ ಜೇಬಿಗೆ ತಾನೇ ಕೈ ಹಾಕುವಳು. ಒಬ್ಬ ಹುಡುಗಿ ಹೆದರಿ ಅಳುತ್ತ ವಾಪಸು ಹೊರಟಾಗ ಅವಳನ್ನು ಮಡಿಲಲ್ಲಿ ಕೂರಿಸಿಕೊಂಡು, ಮೂಗು ಒರೆಸಿ, ಧೈರ್ಯ ಹೇಳಿ ಒಳಗೆ ನೂಕಿದಳು. "ಇವಳು ಚೆನ್ನಾಗಿ ಮಾಡಿಬಿಟ್ರೆ ನಿನ್ನ ಮಗಳಿಗೇ ಕಷ್ಟ ಕಣಮ್ಮ," ಎಂದ ಗಾರೆಯವ. "ನಿಮ್ಮ ಮಗ ಚೆನ್ನಾಗಿ ಮಾಡಿದ್ರೂ ಕಷ್ಟಾನೇ," ಎಂದಳು ಹೆಂಡತಿ. "ಏನು ಮಾಡೋದು, ಒಬ್ರೂ ತಪ್ಪಿಸ್ಕೊಳ್ಳೋ ಹಾಗಿಲ್ಲ." ಮಧ್ಯಾಹ್ನದ ಹೊತ್ತಿಗೆ ಇಡೀ ಕೋಣೆ ಆಟಕ್ಕೆ ಸೇರಿತ್ತು. ಪ್ರತಿ ಗೀಟಿಗೂ ಬೆಂಚುಗಳು ಒಟ್ಟಿಗೆ ಎಣಿಸಿದವು: ಇಪ್ಪತ್ತೊಂಬತ್ತು! ಮೂವತ್ತು! ಮೂವತ್ತೈದಕ್ಕೆ ಗುಮಾಸ್ತರೇ ಎದ್ದು ನಿಂತು ಗೀಟೆಳೆದರು.

ಮೂವತ್ತೆಂಟಕ್ಕೆ ಎಣಿಕೆ ನಿಂತಿತು.

ಮೂರೂವರೆಯಾಯಿತು. ಪಟ್ಟಿಯಲ್ಲಿ ಎರಡು ನಂಬರು ಬರಿಮೈಯಲ್ಲಿ ನಿಂತಿದ್ದವು: 1187 ಮತ್ತು 2306.

"ನೋಡೇ, ಸರಿಯಾಗಿ ನೋಡೇ. ಯಾವುದು ನಿಂದು?"

ಯಾಕಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. "ಎರಡೂ ನಂದೇ ಅನ್ಸುತ್ತಮ್ಮ."

"ಏಳು ಇತ್ತು ಅಂದ್ಯಲ್ಲ. ಇದ್ರಲ್ಲಿ ಏಳಿದೆ. ಇದೇ ಅಂತ ಹೇಳಿಬಿಡು."

"ಅದು ಮಡಿಕೇದು ಇರಬಹುದು. ಗೊತ್ತಿಲ್ದೇ ಹೇಳಿದ್ರೆ ಇನ್ನೊಬ್ಬರ ನಂಬರು ತಗೊಂಡ ಹಾಗಾಗಲ್ವಾ?"

ಹೆಂಡತಿ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಇಸ್ತ್ರಿಯವನು ಕಪ್ಪು ಚೀಟಿಯನ್ನು ಹಿಂದೆ ಮುಂದೆ ತಿರುಗಿಸುತ್ತ ಕೂತ. ಬಾರದ ಆ ಒಬ್ಬರು ಯಾರು? ಸಾವಿರಾರು ಜನರಲ್ಲಿ ಗೆದ್ದು, ಚೀಟಿಯನ್ನೂ ಹಿಡಿದು, ಯಾರು ತಾನೇ ಬಾರದೆ ಇರುತ್ತಾರೆ? ಕಣ್ಣು ಮತ್ತೆ ಕೆಂಪಕ್ಷರದ ಮೇಲೆ ಬಿತ್ತು. ಮಡಚಿದ, ಹರಿದ, ಸುಕ್ಕಾದ. ಬೆಳಿಗ್ಗೆ ತಾನು ಈ ಸಾಲನ್ನು ಓದಿದ ಬಗೆ ನೆನಪಾಯಿತು. ಇಂಥ ಜಾಗದವರು ಬರೆದದ್ದನ್ನು ದೇವರ ಮಾತಿನಂತೆ ನಂಬುವ ಜನ ತಾವು. ತನ್ನ ಮನೆಯಲ್ಲಿ ಇಸ್ತ್ರಿಪೆಟ್ಟಿಗೆಯಾದರೂ ಇತ್ತು. ಇಲ್ಲದಿದ್ದರೆ ತಾನು ಏನು ಮಾಡುತ್ತಿದ್ದೆ? ಇಲ್ಲಿಯವರೆಗೆ ಬರುತ್ತಿದ್ದೆ. ಒಳಗೆ ಬರುತ್ತಿರಲಿಲ್ಲ.

ಅವನು ಎದ್ದು ಹೊರಗೆ ಓಡಿದ.

ಬಾಮೈದ ಗಾಡಿ ನಿಲ್ಲಿಸಿಕೊಂಡು ಅಷ್ಟರಲ್ಲಿ ಅರ್ಧ ಪೆಟ್ಟಿಗೆ ಖಾಲಿ ಮಾಡಿದ್ದ. "ಯಾರಾದ್ರೂ," ಎಂದ ಇಸ್ತ್ರಿಯವನು ಏದುಸಿರಿನಲ್ಲಿ, "ಬೆಳಗ್ಗೆಯಿಂದ ಇಲ್ಲೇ ಇದಾರಾ? ಮಗೂನ ಕರ್ಕೊಂಡು?"

"ಅಗೋ ಅಲ್ಲಿ ಭಾವ, ಬಸ್ ಸ್ಟಾಪಲ್ಲಿ. ಹತ್ತು ಬಸ್ ಬಂದ್ರೂ ಹತ್ತಲಿಲ್ಲ ಆ ಅಕ್ಕ. ಆ ಹುಡುಗಿಗೆ ಒಂದು ಐಸ್‌ಕ್ರೀಮ್ ಕೊಟ್ರೆ, ಇದು ಕರಗೋಕೆ ಎಷ್ಟು ನಿಮಿಷ ಬೇಕು ಅಂತ ಕೇಳ್ತಾಳೆ. ತಿಂದ್ಬಿಡಮ್ಮ ಅಂದ್ರೆ, ತಿಂದ್ರೆ ಹೇಗೆ ಗೊತ್ತಾಗುತ್ತೆ ಅಂತಾಳೆ!"

ಇಸ್ತ್ರಿಯವನಿಗೆ ಇನ್ನು ಅನುಮಾನವೇ ಉಳಿಯಲಿಲ್ಲ.

ಸ್ಟಾಪಿನ ಕಲ್ಲುಬೆಂಚಿನ ಮೇಲೆ ನೆಲ ಒರೆಸುವ ಕೆಲಸದ ನೀಲಿ ಕೋಟು ತೊಟ್ಟ ಹೆಂಗಸು. ಪಕ್ಕದಲ್ಲಿ ಕಡ್ಡಿಯಂಥ ಹುಡುಗಿ, ಕೈಯೆಲ್ಲ ಅಂಟು. ಅವನು ಹೇಳಬೇಕೆಂದಿದ್ದ ಮಾತುಗಳೆಲ್ಲ ರಸ್ತೆ ದಾಟುವಷ್ಟರಲ್ಲಿ ಉದುರಿಹೋಗಿದ್ದವು. ಹೋಗಿ ಎದುರಿಗೆ ನಿಂತು ಕಪ್ಪು ಚೀಟಿಯನ್ನು ಚಾಚಿದ.

ಹೆಂಗಸು ಅದನ್ನು ನೋಡಿದಳು. ಹಿಂಬದಿಯ ಕೆಂಪು ಮುದ್ರೆ ನೋಡಿದಳು. ನಿಧಾನವಾಗಿ ಕೋಟಿನ ಜೇಬಿಂದ ತನ್ನದನ್ನು ತೆಗೆದಳು. ಮಧ್ಯಕ್ಕೆ ಸರಿಯಾಗಿ ಒಂದೇ ಒಂದು ಮಡಿಕೆ.

"ಮಲಗಿದ್ದಾಗ ಮಗ್ಗುಲಿಗೆ ಸಿಕ್ಕಿ ಮಡಚಿಹೋಯ್ತಣ್ಣ," ಎಂದಳು. "ಇವಳು ಹಿಂದೆ ಬರೆದಿರೋದು ಓದಿ ಹೇಳಿದ್ಲು. ವಾಪಸ್ ಹೋಗೋಕೆ ಮನಸ್ಸು ಬರಲ್ಲ, ಒಳಗೆ ಹೋಗೋಕೆ ಕಾಲು ಬರಲ್ಲ."

"ನಂದು ನೋಡಮ್ಮ," ಎಂದ ಇಸ್ತ್ರಿಯವನು. "ನಿಂದು ಮಲ್ಲಿಗೆ ಹೂವಿದ್ದ ಹಾಗಿದೆ. ಎದ್ದೇಳಮ್ಮ, ಇನ್ನು ಹತ್ತೇ ನಿಮಿಷ ಇದೆ."

ಅವಳು ಎದ್ದಳು, ಮತ್ತೆ ಕೂತಳು. "ನಿಮ್ಮ ಮಗೂನೂ ಇದಾಳಾ ಒಳಗೆ? ಮತ್ತೆ ನಮ್ಮನ್ನ ಯಾಕೆ ಕರೀತಿದೀರಾ?"

ವಿವರಿಸಲು ಹೊತ್ತಿಲ್ಲ, ಬಾಯಿಯೂ ಇಲ್ಲ. "ನೀವು ಬರದಿದ್ರೆ ನಮ್ಮವಳಿಲ್ಲ," ಎಂದ. ಹೇಳಿದ ಮೇಲೆ ಅವನಿಗೇ ಆ ಮಾತು ಇಷ್ಟವಾಯಿತು.

ಮೂವರೂ ರಸ್ತೆ ದಾಟಿದ್ದನ್ನು ಓಟ ಎನ್ನಬೇಕೋ ಹಾರಾಟ ಎನ್ನಬೇಕೋ. ಬಾಮೈದ ಸುಮ್ಮನಿರಲಾರದೆ ಗಾಡಿ ಶುರುಮಾಡಿ ರಸ್ತೆಗೆ ಅಡ್ಡ ನಿಲ್ಲಿಸಿದ. ಟಿಂಗ್ ಟಿಟಿಂಗ್ ಎಂದು ಹಾಡು ಮೊಳಗಿತು, ಹಿಂದಿನ ಬಸ್ಸುಗಳು ಹಾರ್ನು ಹೊಡೆದವು. ಬಾಗಿಲಲ್ಲಿ ಬೆಂಚುಗಳವರೆಲ್ಲ ಗುಂಪುಗೂಡಿ "ಬಂದ್ರು! ಬಂದ್ರು!" ಎಂದು ಕೂಗಿದರು. ಗುಮಾಸ್ತರು ಪೆನ್ನು ಹಿಡಿದು ಬಾಗಿಲಿಗೇ ಬಂದಿದ್ದರು. ಮಡಿಕೆಯತ್ತ ಒಂದು ಕ್ಷಣ ಕಣ್ಣು ಹಾಯಿಸಿದರು. ಇಡೀ ಕೋಣೆ ಅವರನ್ನೇ ನೋಡಿತು.

"ಮಡಿಕೇನಾ? ಎಲ್ಲಿ? ನನಗೇನೂ ಕಾಣ್ಲಿಲ್ಲ," ಎಂದರು. "ಎರಡು ಮೂರು ಸೊನ್ನೆ ಆರು!" ಗೀಟು ಬಿತ್ತು.

"ಮೂವತ್ತೊಂಬತ್ತು!" ಎಂದವು ಬೆಂಚುಗಳು.

ಉಳಿದದ್ದು 1187. ಗಡಿಯಾರದಲ್ಲಿ ನಾಲ್ಕಕ್ಕೆ ಎರಡು ನಿಮಿಷ. ಮೇಡಂ ಬಾಗಿಲಲ್ಲಿ ನಿಂತು, "ಇಬ್ಬರೂ ಒಟ್ಟಿಗೆ ಬನ್ನಿ," ಎಂದರು.

ಬಾಗಿಲು ಮುಚ್ಚಿತು. ಆಗ ಹೆಂಡತಿ ಗಂಡನ ಪಕ್ಕೆಗೆ ತಿವಿದಳು. "ಊರೆಲ್ಲ ಹುಡುಕಿ ಹುಡುಕಿ ಪೈಪೋಟಿ ತಂದ್ರಿ. ಆ ಹುಡುಗಿ ಕಣ್ಣು ನೋಡಿದ್ರಾ? ಸೂಜಿ ಥರ ಇದೆ." ಬೈದದ್ದೋ ಹೊಗಳಿದ್ದೋ ತಿಳಿಯಲಿಲ್ಲ. ನೀಲಿ ಕೋಟಿನವಳಿಗೆ ಜಾಗ ಬಿಟ್ಟು ಸರಿದು ಕೂತಳು. ಒಳಗಿಂದ ಮೊದಲು ಏನೂ ಕೇಳಲಿಲ್ಲ. ಆಮೇಲೆ ಎರಡು ಎಳೆಯ ದನಿಗಳು ಒಂದರ ಮೇಲೊಂದು ಹತ್ತಿ ವಾದಿಸಿದವು. ಆಮೇಲೆ ಕೇಳಿಸಿದ್ದು ಮೇಡಂ ನಗು. ಗುಮಾಸ್ತರು ಪೆನ್ನು ಕೆಳಗಿಟ್ಟರು. "ಆರು ವರ್ಷದಿಂದ ಇಲ್ಲಿದೀನಿ," ಎಂದು ಪಿಸುಗುಟ್ಟಿದರು. "ಇದು ಮೊದಲು."

ಮಕ್ಕಳು ಹೊರಗೆ ಬಂದವರು ತಂದೆ ತಾಯಿಯ ಕಡೆ ನೋಡಲೂ ಇಲ್ಲ. ವಾದಿಸುತ್ತಲೇ ಮೆಟ್ಟಿಲಿಗೆ ಹೋಗಿ ಕೂತರು.

ಐದೂಕಾಲಿಗೆ ಗೋಡೆಯ ಮೇಲೆ ಹಾಳೆ ಬಿತ್ತು. ಇಪ್ಪತ್ತು ನಂಬರು, ಯೋಗ್ಯತೆಯ ಕ್ರಮದಲ್ಲಿ. ಜನ ನುಗ್ಗಿದರು. ಗಾರೆಯವ ಮಗನನ್ನು ಹೆಗಲಿಗೇರಿಸಿಕೊಂಡು ಕುಣಿದ. ಕೆಲವರು ಸದ್ದಿಲ್ಲದೆ ಮಕ್ಕಳ ಕೈಹಿಡಿದು ಹೊರಟರು, ಅವರಿಗೆ ದಾರಿ ಬಿಡುವಾಗ ಎಲ್ಲರೂ ತಲೆ ತಗ್ಗಿಸಿದರು. ಹೆಂಡತಿ ಕಣ್ಣು ಮುಚ್ಚಿಕೊಂಡು, "ನೀವೇ ನೋಡಿ," ಎಂದಳು. ನೀಲಿ ಕೋಟಿನವಳು, "ನನಗೆ ಓದೋಕೆ ಬರಲ್ಲಣ್ಣ, ನಂದೂ ನೋಡಿ," ಎಂದಳು.

ಇಸ್ತ್ರಿಯವನು ಕೆಳಗಿನಿಂದ ನೋಡುತ್ತ ಬಂದ. ಇಪ್ಪತ್ತು, ಹತ್ತೊಂಬತ್ತು, ಹದಿನೆಂಟು. ಹದಿಮೂರರಲ್ಲಿ ಬೆರಳು ನಿಂತಿತು. 1187. ಅವನು ಆ ಬೆರಳನ್ನು ತೆಗೆಯಲಿಲ್ಲ, ಇನ್ನೊಂದು ಕೈಯ ಬೆರಳಿನಿಂದ ಮೇಲಕ್ಕೆ ಹೋದ. ಹನ್ನೆರಡು, ಹತ್ತು, ಏಳು, ಮೂರು. ಎರಡು. ಮೇಲೆ ಇನ್ನೊಂದೇ ಸಾಲಿತ್ತು.

2306.

"ಮೊದಲನೇದು!" ಎಂದು ಅವನು ಚೀರಿದ ಚೀರಿಗೆ ಬೀದಿಯ ನಾಯಿಗಳು ಬೊಗಳಿದವು. "ನಿಮ್ಮವಳು ಮೊದಲನೇದಮ್ಮ! ನಮ್ಮವಳು ಹದಿಮೂರು! ಎರಡೂ ಇವೆ! ಎರಡೂ!"

"ಅಯ್ಯೋ, ಹನ್ನೆರಡು ಆಗ್ತಿದ್ದೋಳನ್ನ ಹದಿಮೂರು ಮಾಡಿದ್ರಲ್ರೀ!" ಎಂದು ಹೆಂಡತಿ ನೀಲಿ ಕೋಟಿನವಳನ್ನು ತಬ್ಬಿಕೊಂಡು ನಗುತ್ತ ಅತ್ತಳು.

ಇಸ್ತ್ರಿಯವನು ಮೆಟ್ಟಿಲಿಗೆ ಓಡಿದ. ಇಬ್ಬರು ಹುಡುಗಿಯರು ಧೂಳಿನಲ್ಲಿ ಬೆರಳಿಂದ ಏನೋ ಗೀಚಿ, ಅಳಿಸಿ, ಮತ್ತೆ ಗೀಚುತ್ತಿದ್ದರು. "ಕಂದ," ಎಂದ ಅವನು, "ಕೇಳಿ ಇಲ್ಲಿ, ನೀವಿಬ್ಬರೂ..."

"ಅಪ್ಪ, ಒಂದು ನಿಮಿಷ," ಎಂದಳು ಯಾಕಮ್ಮ ತಲೆಯೆತ್ತದೆ. "ಮಾತಾಡಬೇಡ. ಇವಳು ನನ್ನನ್ನ ಸೋಲಿಸ್ತಿದಾಳೆ."

ಇನ್ನೊಬ್ಬಳು ಅಂಟು ಬೆರಳನ್ನು ತುಟಿಯ ಮೇಲಿಟ್ಟು, ಶ್ ಎಂದಳು.

ಅವನು ಅವರಿಗಿಂತ ಒಂದು ಮೆಟ್ಟಿಲು ಕೆಳಗೆ, ಸದ್ದಾಗದಂತೆ ಕೂತ. ಮಾತು ಬಾಯಲ್ಲಿ ಬಿಸಿ ತುತ್ತಿನಂತೆ ಹೊರಳುತ್ತಿತ್ತು. ನುಂಗಲೂ ಆಗದು, ಉಗುಳಲೂ ಆಗದು. ಧೂಳಿನಲ್ಲಿ ಹೊಸದೊಂದು ಗೆರೆ ಮೂಡಿತು. ಅವನು ಎರಡು ಕೈಯಿಂದ ಬಾಯಿ ಮುಚ್ಚಿಕೊಂಡು, ಮೈಯೆಲ್ಲ ಕುಲುಕುವಂತೆ ನಗುತ್ತ, ಅವರ ಲೆಕ್ಕ ಮುಗಿಯುವುದನ್ನು ಕಾದ.